ಗೋಡೆಗೆ ಕೂರಿಸಿದ ಓವನ್ ಕೆಟ್ಟಾಗ: ಬೆಂಗಳೂರಿನ ಅಡುಗೆಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾರು ವರ್ಷದಿಂದ ಬೆಂಗಳೂರಿನ ಮನೆಗಳಲ್ಲಿ ಬಿಲ್ಟ್‌ಇನ್ ಓವನ್ ರಿಪೇರಿ ಮಾಡಿಕೊಂಡಿದ್ದೇನೆ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಸ್ಕ್ರೂ ಬಿಚ್ಚುತ್ತಿರುವಾಗ ಮನೆಯವರು ಕಾಫಿ ತಂದಿಟ್ಟು ಕೇಳುವ ಪ್ರಶ್ನೆಗಳು ಬಡಾವಣೆ ಬದಲಾದರೂ ಬದಲಾಗುವುದಿಲ್ಲ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಬರುವವೂ ಅವೇ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಮೀಟರ್ ಹಿಡಿಯಬೇಕಾದವು ಕೊನೆಗೆ.

## ಫೋನ್ ಮಾಡುವ ಮುಂಚೆ

"ಅಣ್ಣಾ, ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಬಿಸೀನೇ ಆಗ್ತಿಲ್ಲ. ಲೈಟ್ ಮಾತ್ರ ಬರುತ್ತೆ. ಕೆಟ್ಟೋಯ್ತಾ?"

ರಾತ್ರಿ ಕರೆಂಟು ಹೋಗಿತ್ತಾ? ಹೋಗಿ ಬಂದಿದ್ದರೆ ಗಡಿಯಾರ ಸೊನ್ನೆಗೆ ಬಂದು ಮಿಣುಕುತ್ತಿರುತ್ತದೆ. ಬಹಳಷ್ಟು ಓವನ್‌ಗಳು ಸಮಯ ಸೆಟ್ ಮಾಡುವ ತನಕ ಬಿಸಿಯಾಗಲು ಒಪ್ಪುವುದಿಲ್ಲ. ಸಮಯ ಕೊಡಿ, ಆಮೇಲೆ ನೋಡಿ. ಡಿಸ್‌ಪ್ಲೇ ಮೇಲೆ ಬೀಗದ ಅಥವಾ ಕೀಲಿಕೈಯ ಚಿತ್ರ ಕಂಡರೆ ಅದು ಮಕ್ಕಳ ಲಾಕ್. ಆ ಬಟನ್ನನ್ನೇ ಮೂರು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಷೋರೂಮಿನ ಡಿಸ್‌ಪ್ಲೇ ಪೀಸನ್ನು ರಿಯಾಯಿತಿಯಲ್ಲಿ ತಂದವರ ಮನೆಯಲ್ಲಿ ಇನ್ನೊಂದು ತಮಾಷೆ: ಡೆಮೊ ಮೋಡ್ ತೆಗೆದೇ ಇರುವುದಿಲ್ಲ. ಲೈಟು, ಫ್ಯಾನು, ಅಂಕಿ ಎಲ್ಲ ಬರುತ್ತವೆ, ಶಾಖ ಮಾತ್ರ ಇಲ್ಲ.

ಇವೆಲ್ಲ ಫೋನಿನಲ್ಲೇ ಸರಿಹೋಗುತ್ತವೆ, ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ವೈಟ್‌ಫೀಲ್ಡ್‌ಗೆ ಎರಡು ಗಂಟೆ ಟ್ರಾಫಿಕ್‌ನಲ್ಲಿ ಹೋಗಿ, ಗಡಿಯಾರ ಸೆಟ್ ಮಾಡಿ, ಕಾಫಿ ಕುಡಿದು ಬಂದ ದಿನ ಮಾಡಿಕೊಂಡ ನಿಯಮ ಅದು.

"ಮಾಡೆಲ್ ನಂಬರ್ ಕೇಳ್ತೀರಲ್ಲ, ಅದು ಎಲ್ಲಿರುತ್ತೆ? ಬಿಲ್ ಸಿಗ್ತಿಲ್ಲ."

ಬಿಲ್ ಬೇಡ. ಬಾಗಿಲು ತೆರೆದು ಚೌಕಟ್ಟಿನ ಅಂಚಿನಲ್ಲಿ ನೋಡಿ, ಚೀಟಿ ಅಂಟಿಸಿರುತ್ತಾರೆ. ಕೈಯಲ್ಲಿ ಬರೆದುಕೊಳ್ಳಬೇಡಿ, ಫೋಟೊ ತೆಗೆದು ಕಳಿಸಿ. ಬಾಷ್, ಸೀಮೆನ್ಸ್ ಓವನ್‌ಗಳಲ್ಲಿ ನಂಬರಿನ ಕೊನೆಗೆ ಗೆರೆ ಹಾಕಿ ಎರಡು ಅಂಕಿ ಇರುತ್ತವೆ. ಅವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ಅದೇ ಮಾಡೆಲ್ಲಿನ ಒಳಗಿನ ಭಾಗ ಯಾವಾಗ ಬದಲಾಯಿತು ಅನ್ನುವುದು ಆ ಎರಡು ಅಂಕಿಯಲ್ಲಿದೆ. ಈ ಎರಡೂ ಹೆಸರುಗಳ ಹಿಂದೆ ಇರುವುದು ಒಂದೇ ಕಂಪನಿ, ಬಿಎಸ್‌ಎಚ್. ಹಾಗಾಗಿ ಎಷ್ಟೋ ಸ್ಪೇರ್‌ಗಳು ಒಂದಕ್ಕೊಂದು ಹೊಂದುತ್ತವೆ.

"ಆಫ್ ಮಾಡಿದ್ರೂ ಒಳಗೆ ಏನೋ ಗುಂಯ್ ಅಂತ ತಿರುಗ್ತಾನೇ ಇರುತ್ತೆ. ಮೇನ್ ಸ್ವಿಚ್ ಆಫ್ ಮಾಡ್ಬಿಡ್ಲಾ?"

ಬೇಡ. ಅದು ಕೂಲಿಂಗ್ ಫ್ಯಾನ್. ಕೇಕಿಗೆ ಗಾಳಿ ಸುತ್ತಿಸುವ ಹಿಂದಿನ ಫ್ಯಾನ್ ಬೇರೆ, ಇದು ಬೇರೆ. ಇದು ಓವನ್ನಿನ ನೆತ್ತಿಯ ಮೇಲಿದ್ದು, ಕಂಟ್ರೋಲ್ ಬೋರ್ಡು ಬೇಯದಂತೆ ಕಾಯುತ್ತದೆ. ಅರ್ಧ ಗಂಟೆ ತಿರುಗಿದರೂ ತಪ್ಪಿಲ್ಲ. ಕರೆಂಟು ಉಳಿಸುತ್ತೇವೆಂದು ಮೇನ್ ಆಫ್ ಮಾಡುವವರ ಓವನ್‌ಗಳಲ್ಲಿ ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಬೇಯಿಸುವ ಮಧ್ಯೆ ಕರೆಂಟೇ ಹೋದರೆ ಬಾಗಿಲನ್ನು ಪೂರ್ತಿ ಮುಚ್ಚಿಡಿ, ಇಲ್ಲವೇ ಪೂರ್ತಿ ತೆರೆಯಿರಿ. ಸ್ವಲ್ಪವೇ ತೆರೆದು ಬಿಟ್ಟರೆ ಬಿಸಿಗಾಳಿ ನೇರವಾಗಿ ಮೇಲಿನ ಬಟನ್ನುಗಳಿಗೆ ಬಡಿಯುತ್ತದೆ.

ಓವನ್ ತಣ್ಣಗಿದ್ದೂ ಫ್ಯಾನ್ ಗಂಟೆಗಟ್ಟಲೆ ನಿಲ್ಲದಿದ್ದರೆ ಮಾತ್ರ ಕರೆಯಿರಿ. ಬೋರ್ಡಿನ ಸ್ವಿಚ್ಚಾದ ರಿಲೇ ಅಂಟಿಕೊಂಡಿರಬಹುದು, ಶಾಖ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿರಬಹುದು.

## ಕರೆಂಟಿನ ಕಥೆ

"ಮಿಕ್ಸಿ ಸಾಕೆಟ್ ಪಕ್ಕದಲ್ಲೇ ಇದೆ. ಅಲ್ಲಿಗೇ ಹಾಕಬಹುದಲ್ವಾ?"

ಓವನ್ನಿನ ಚೀಟಿಯಲ್ಲಿ 3.6 ಕಿಲೋವಾಟ್ ಅಂತಿದ್ದರೆ 230 ವೋಲ್ಟಿಗೆ ಅದು ಸುಮಾರು 15.7 ಆಂಪ್ ಎಳೆಯುತ್ತದೆ. 16 ಆಂಪ್ ಪ್ಲಗ್ಗಿಗೆ ಅದು ಕತ್ತಿನವರೆಗೆ ನೀರು ಬಂದಂತೆ. ಗೀಸರಿಗಾದರೆ ಹದಿನೈದು ನಿಮಿಷದ ಕೆಲಸ, ಓವನ್ನಿಗೆ ಒಂದೂವರೆ ಗಂಟೆಯದು. ಮಿಕ್ಸಿಯ 6 ಆಂಪ್ ಸಾಕೆಟ್, ಎಕ್ಸ್‌ಟೆನ್ಷನ್ ಬಾಕ್ಸ್, ಅಡಾಪ್ಟರ್ ಯಾವುದೂ ಬೇಡ. ಕರಗಿ ಕಪ್ಪಾದ ಪ್ಲಗ್ಗುಗಳು ನನ್ನ ಬ್ಯಾಗಿನಲ್ಲಿ ಒಂದು ಡಬ್ಬಿ ತುಂಬ ಇವೆ, ನಂಬದವರಿಗೆ ತೋರಿಸಲು.

ಮನೆಯ ಫ್ಯೂಸ್ ಪೆಟ್ಟಿಗೆಯಾದ ಡಿಬಿಯಿಂದ ಓವನ್ನಿಗೆಂದೇ ಪ್ರತ್ಯೇಕ ಲೈನ್, 4 ಚದರ ಮಿಲಿಮೀಟರ್ ತಾಮ್ರದ ವೈರು, ಹೆಚ್ಚು ಕರೆಂಟು ಹರಿದರೆ ತಾನಾಗೇ ಬೀಳುವ 20 ಆಂಪ್ ಎಂಸಿಬಿ ಸ್ವಿಚ್ಚು, ಸರಿಯಾದ ಅರ್ತಿಂಗ್: ನನ್ನ ಲೆಕ್ಕ ಇದು. ಸಾಕೆಟ್ಟು ಅಥವಾ ಸ್ವಿಚ್ಚು ಓವನ್ನಿನ ಬೆನ್ನ ಹಿಂದೆ ಇರಬಾರದು, ಪಕ್ಕದ ಕಪಾಟಿನಲ್ಲಿ ಕೈಗೆ ಸಿಗುವಂತಿರಬೇಕು. ಹೊಗೆ ಬಂದಾಗ ಓವನ್ನನ್ನು ಎಳೆದು ತೆಗೆದು ಪ್ಲಗ್ ಕೀಳಲು ಪುರುಸೊತ್ತಿರುವುದಿಲ್ಲ.

"ಕರೆಂಟು ಹೋಗಿ ಜನರೇಟರ್ ಬಂದ ತಕ್ಷಣ ಮನೆ ಲೈಟೆಲ್ಲ ಆನ್ ಆಫ್ ಆನ್ ಆಫ್. ಓವನ್ ಫಾಲ್ಟಾ?"

ಫಾಲ್ಟ್ ಅಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆ ಒಂದೋ ಎರಡೋ ಕಿಲೋವಾಟ್ ಮಾತ್ರ ಜನರೇಟರ್ ಹಂಚಿಕೆ. ಡಿಬಿಯ ಹತ್ತಿರವಿರುವ ಎಸಿಸಿಎಲ್ ಅನ್ನುವ ಪುಟ್ಟ ಪೆಟ್ಟಿಗೆ ಅದನ್ನು ಮೀರಿದರೆ ಕಡಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೊಟ್ಟು ನೋಡುತ್ತದೆ, ಮತ್ತೆ ಕಡಿಯುತ್ತದೆ. ಓವನ್ನಿನ ಬೋರ್ಡಿಗೆ ಇದರಷ್ಟು ಕೆಟ್ಟದ್ದು ಬೇರೆ ಇಲ್ಲ. ಓವನ್ ಲೈನನ್ನು ಜನರೇಟರ್ ಭಾಗದಿಂದ ಪೂರ್ತಿ ಬೇರ್ಪಡಿಸಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿ. ಮನೆಯ ಯುಪಿಎಸ್‌ಗೂ ಇದೇ ಮಾತು.

"ಸ್ಟೆಬಿಲೈಸರ್ ಹಾಕಿಸ್ಲಾ? ಸಂಜೆ ಹೊತ್ತು ವೋಲ್ಟೇಜ್ ಕಮ್ಮಿ."

ಓವನ್ನನ್ನು ಬಿಸಿ ಮಾಡುವ ಎಲಿಮೆಂಟಿನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 190 ಬಂದರೆ ನೋಡಲು ಕಮ್ಮಿಯಾದದ್ದು ಆರನೇ ಒಂದು ಭಾಗ, ಆದರೆ ಶಾಖ ಹೋಗುವುದು ಮೂರನೇ ಒಂದು ಭಾಗ. ಬೆಳಿಗ್ಗೆ ಹನ್ನೆರಡು ನಿಮಿಷಕ್ಕೆ ಬಿಸಿಯಾಗುವ ಓವನ್ ಸಂಜೆ ಇಪ್ಪತ್ತು ತೆಗೆದುಕೊಂಡರೆ ಓವನ್ನನ್ನು ಬೈಯಬೇಡಿ. ಒಳಗೆ 180 ಡಿಗ್ರಿ ಮುಟ್ಟಿದ ಮೇಲೆ ಕೇಕಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಬಿಸಿಯಾಗುವ ತನಕ ಕಾದು ಆಮೇಲೆ ಟ್ರೇ ಇಡಿ ಅಷ್ಟೆ. ವೋಲ್ಟೇಜ್ ದಿನವೂ ಕುಸಿಯುತ್ತಿದ್ದರೆ ಬೆಸ್ಕಾಂನ 1912ಕ್ಕೆ ದೂರು ಕೊಡಿ.

ಐದು ಕೆವಿಎ ಸ್ಟೆಬಿಲೈಸರ್ ತಂದು ಅಡುಗೆಮನೆಯಲ್ಲಿ ಎಲ್ಲಿ ಇಡುತ್ತೀರಿ? ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ಡಿಬಿಗೆ, ವೋಲ್ಟೇಜ್ ದಿಢೀರ್ ಏರಿದಾಗ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೇ ದಿನ ನನ್ನ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುವುದು ಸುಟ್ಟ ಬೋರ್ಡುಗಳಿಗಾಗಿ, ಎಲಿಮೆಂಟುಗಳಿಗಾಗಿ ಅಲ್ಲ.

"ಆನ್ ಮಾಡಿದ ಹತ್ತು ನಿಮಿಷಕ್ಕೆ ಇಡೀ ಮನೆ ಟ್ರಿಪ್ ಆಗ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಅರ್ತ್ ವೈರ್ ಕಿತ್ತ ಮೇಲೆ ಸರಿಹೋಯ್ತು. ಆದ್ರೆ ಹಿಡಿ ಮುಟ್ಟಿದ್ರೆ ಜುಂ ಅನ್ಸುತ್ತೆ."

ಇದನ್ನು ಓದುತ್ತಿದ್ದಂತೆಯೇ ಎದ್ದು ಹೋಗಿ ಓವನ್ನಿನ ಎಂಸಿಬಿ ಕೆಳಗಿಳಿಸಿ. ಉಳಿದದ್ದು ಆಮೇಲೆ ಓದಿ.

ಎಂಸಿಬಿ ಬಿದ್ದರೆ ಅದು ಓವರ್‌ಲೋಡ್ ಅಥವಾ ಶಾರ್ಟ್. ಆರ್‌ಸಿಸಿಬಿ ಬಿದ್ದರೆ ಕರೆಂಟು ದಾರಿ ತಪ್ಪಿ ಅರ್ತಿಗೆ ಸೋರುತ್ತಿದೆ ಅಂತ ಅರ್ಥ. 30 ಮಿಲಿಆಂಪ್ ಸೋರಿದರೆ ಬೀಳಲಿ ಎಂದೇ ಅದನ್ನು ಕೂರಿಸಿರುವುದು. ಅರ್ತ್ ಕಿತ್ತರೆ ಸೋರಿಕೆ ನಿಲ್ಲುವುದಿಲ್ಲ, ಸೋರುವ ದಾರಿಯಾಗಿ ನಿಮ್ಮ ಕೈ ಸಿಗುವ ತನಕ ಕಾಯುತ್ತದೆ. ಎರಡು ಮನೆಗಳಲ್ಲಿ ಇದೇ ಚಿಕಿತ್ಸೆ ಕಂಡಿದ್ದೇನೆ, ಒಂದರಲ್ಲಿ ಒದ್ದೆ ಕೈಯ ಹೆಣ್ಣುಮಗಳು ಹಿಡಿ ಹಿಡಿದು ಹಿಂದಕ್ಕೆ ಬಿದ್ದಿದ್ದರು. ದೇವರು ದೊಡ್ಡವನು, ಮೊಣಕೈ ಮಾತ್ರ ಪೆಟ್ಟಾಗಿತ್ತು.

ಕಾರಣ ಬಹುತೇಕ ಎಲಿಮೆಂಟೇ. ಉಕ್ಕಿನ ಕೊಳವೆ, ನಡುವೆ ಬಿಸಿಯಾಗುವ ತಂತಿ, ಎರಡರ ಮಧ್ಯೆ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಈ ಪುಡಿ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಎರಡು ತಿಂಗಳು ಮುಟ್ಟದೆ ಇಟ್ಟ ಓವನ್ ದಸರಾ ರಜೆಗೆ ಮಕ್ಕಳು ಬಂದಾಗ ಟ್ರಿಪ್ ಆಗುವುದು ಇದರಿಂದಲೇ. ತೇವವಷ್ಟೇ ಆಗಿದ್ದರೆ ಎಲಿಮೆಂಟನ್ನು ಬಿಚ್ಚಿ ಒಣಗಿಸಿ ಮತ್ತೆ ಅಳೆದು ಹಾಕಬಹುದು. ಕೊಳವೆ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ತಿಂಗಳಿಗೊಮ್ಮೆ ಖಾಲಿ ಓವನ್ನನ್ನು 150 ಡಿಗ್ರಿಗೆ ಅರ್ಧ ಗಂಟೆ ಓಡಿಸಿದರೆ ಈ ತಾಪತ್ರಯ ಬಹಳ ಮಟ್ಟಿಗೆ ತಪ್ಪುತ್ತದೆ.

## ಗೂಡು

"ಕಾರ್ಪೆಂಟರ್ ಓವನ್ ಕೂರೋ ಗೂಡಿನ ಹಿಂದೆ ಪ್ಲೈವುಡ್ ಹೊಡೆದು ಫಿನಿಷಿಂಗ್ ಚೆನ್ನಾಗಿ ಕೊಟ್ಟಿದ್ದಾರೆ. ಅದೂ ತಪ್ಪಾ?"

ನನ್ನ ಅರ್ಧ ಅನ್ನ ಆ ಫಿನಿಷಿಂಗ್‌ನಿಂದಲೇ ಬರುತ್ತಿದೆ, ಆದರೂ ಹೇಳುತ್ತೇನೆ. ಹೌದು, ತಪ್ಪು.

ಗೋಡೆಯ ಓವನ್ ತನ್ನ ಗೂಡಿನಿಂದ ತಣ್ಣನೆಯ ಗಾಳಿ ಎಳೆದು, ಬಾಗಿಲಿನ ಮೇಲಿನ ಸಂದಿಯಿಂದ ಬಿಸಿಗಾಳಿ ಬಿಡುತ್ತದೆ. ಗಾಳಿ ಬರಬೇಕಾದರೆ ಗೂಡಿನ ಬೆನ್ನು ತೆರೆದಿರಬೇಕು, ಕೂರುವ ಹಲಗೆಯ ಹಿಂಭಾಗದಲ್ಲಿ ಸಂದು ಇರಬೇಕು, ಕಪಾಟಿನ ಬುಡದಿಂದಲೋ ನೆತ್ತಿಯಿಂದಲೋ ಗಾಳಿಗೆ ದಾರಿ ಇರಬೇಕು. ಪ್ರತಿ ಓವನ್ನಿನ ಪೆಟ್ಟಿಗೆಯಲ್ಲೂ ಅಳತೆಯ ಚಿತ್ರವಿರುವ ಹಾಳೆ ಬರುತ್ತದೆ. ನಮ್ಮಲ್ಲಿ ಆಗುವುದೇನು? ಕಿಚನ್ ಕೆಲಸ ಮೊದಲು ಮುಗಿಯುತ್ತದೆ, ಓವನ್ ಗೃಹಪ್ರವೇಶದ ಹಿಂದಿನ ದಿನ ಬರುತ್ತದೆ, ಹಾಳೆ ಪೆಟ್ಟಿಗೆಯ ಜೊತೆ ಗುಜರಿಗೆ ಹೋಗುತ್ತದೆ. ಜಿರಳೆ ಬರಬಾರದು ಅಂತ ಕಾರ್ಪೆಂಟರ್ ಎಲ್ಲ ಸಂದಿಗೂ ಸಿಲಿಕೋನ್ ತುಂಬುತ್ತಾರೆ. ಅವರ ಲೆಕ್ಕದಲ್ಲಿ ಅದು ಅಚ್ಚುಕಟ್ಟು ಕೆಲಸ.

ಮೊದಲ ವರ್ಷ ಏನೂ ಆಗುವುದಿಲ್ಲ. ಆಮೇಲೆ ಪಕ್ಕದ ಕಪಾಟಿನ ಲ್ಯಾಮಿನೇಟ್ ಅಂಚು ಬಿಟ್ಟುಕೊಳ್ಳುತ್ತದೆ. ಡಿಸ್‌ಪ್ಲೇ ಮಸುಕಾಗುತ್ತದೆ. ಒಂದು ದಿನ ಬಿಸಿಯಾಗುತ್ತಾ ಇದ್ದದ್ದು ತಾನಾಗೇ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಹತ್ತಿಕೊಳ್ಳುತ್ತದೆ. ಅದು ಸೇಫ್ಟಿ ಥರ್ಮೋಸ್ಟಾಟ್, ಅಂದರೆ ಅತಿ ಬಿಸಿಯಾದರೆ ಕರೆಂಟು ನಿಲ್ಲಿಸುವ ಭಾಗ, ಕಡಿಯುತ್ತಿರುವುದು. ಅದನ್ನು ಬದಲಿಸಿ ಹೋದ ಮೆಕ್ಯಾನಿಕ್ ಮೂರು ತಿಂಗಳಿಗೆ ಮತ್ತೆ ಬರುತ್ತಾರೆ. ಕೊನೆಗೆ ಬೋರ್ಡು. ನಾನು ಹೋದಾಗ ಮೊದಲು ಓವನ್ನನ್ನು ಹೊರಗೆಳೆದು ಗೂಡಿನ ಬೆನ್ನು ಮುಟ್ಟಿ ನೋಡುತ್ತೇನೆ. ಪ್ಲೈವುಡ್ ಕಂದು ಬಣ್ಣಕ್ಕೆ ತಿರುಗಿದ್ದರೆ ಮೀಟರ್ ತೆಗೆಯುವ ಮೊದಲೇ ಕಾಯಿಲೆ ಗೊತ್ತಾದಂತೆ. ಗರಗಸ ತಂದು ಹಲಗೆ ಕೊಯ್ಯುವ ತನಕ ಹೊಸ ಭಾಗ ಹಾಕುವುದಿಲ್ಲ ಅಂತ ಹೇಳಿ ಎರಡು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.

ಹೊಸದಾಗಿ ಮಾಡಿಸುವವರಿಗೆ: ಓವನ್ ಯಾವುದೆಂದು ತೀರ್ಮಾನಿಸಿ ಆ ಹಾಳೆಯನ್ನು ಕಾರ್ಪೆಂಟರ್ ಕೈಗೆ ಕೊಟ್ಟು ಆಮೇಲೆ ಮರ ಕೊಯ್ಯಿಸಿ. ಗೂಡಿನ ಹಲಗೆ, ಅದರ ಅಂಟು 90 ಡಿಗ್ರಿ ತಾಳಬೇಕು. 30–40 ಕಿಲೋ ಭಾರವನ್ನು ಬರೀ ಸ್ಕ್ರೂ ಮೇಲೆ ತೂಗುಹಾಕುವುದಲ್ಲ, ಕೆಳಗೆ ಗಟ್ಟಿ ಹಲಗೆ ಬೇಕು.

"ಜಿರಳೆ, ಇರುವೆ ಒಳಗೆ ಹೋದ್ರೆ ಏನಾಗುತ್ತೆ?"

ಬೋರ್ಡು ಬೆಚ್ಚಗಿರುತ್ತದೆ, ಕತ್ತಲಿರುತ್ತದೆ. ಜಿರಳೆಗೆ ಇನ್ನೇನು ಬೇಕು? ಅದರ ಹಿಕ್ಕೆ ತೇವ ಹಿಡಿದು ಬೋರ್ಡಿನ ಗೆರೆಗಳ ನಡುವೆ ಶಾರ್ಟ್ ಮಾಡುತ್ತದೆ. ಸ್ಪ್ರೇ ಒಳಗೆ ಹೊಡೆಯಬೇಡಿ, ಗೂಡಿನ ಸಂದಿಯನ್ನೂ ಮುಚ್ಚಬೇಡಿ. ಕಪಾಟಿನಲ್ಲಿ ಜೆಲ್ ಹಾಕಿ, ಗಾಳಿಯ ದಾರಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಹೊಡೆಸಿ.

## ಬೇಯುವುದು, ಬೇಯದಿರುವುದು

"180ಕ್ಕೇ ಇಟ್ಟೆ. ಕೇಕ್ ಮೇಲೆ ಕಪ್ಪು, ಒಳಗೆ ಹಸಿ. ಥರ್ಮೋಸ್ಟಾಟ್ ಹೋಗಿದೆ ಅಲ್ವಾ?"

ಹೋಗಿರಬಹುದು, ಆದರೆ ಮೊದಲು ಅಳೆಯೋಣ. ಒಳಗಿಡುವ ಓವನ್ ಥರ್ಮಾಮೀಟರ್ ತಂದು ನಡು ತಟ್ಟೆಯಲ್ಲಿ, ಸರಿಯಾಗಿ ಮಧ್ಯದಲ್ಲಿ ಇಡಿ. 180ಕ್ಕೆ ಇಟ್ಟು, ಬಿಸಿಯಾದ ಸದ್ದು ಬಂದ ಮೇಲೂ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಐದೈದು ನಿಮಿಷಕ್ಕೆ ಗಾಜಿನಿಂದಲೇ ನೋಡಿ ಆರು ಸಲ ಬರೆದುಕೊಳ್ಳಿ. ಅಂಕಿ ಏರಿಳಿಯುತ್ತದೆ, ಅದು ಸಹಜ. ಎಲಿಮೆಂಟ್ ಹತ್ತಿ ಆರುತ್ತಲೇ ಕೆಲಸ ಮಾಡುವುದು. ಆರರ ಸರಾಸರಿ 170ರಿಂದ 190ರೊಳಗಿದ್ದರೆ ಓವನ್ ಸರಿಯಿದೆ, ಪಾಕವಿಧಾನ ನೋಡಿಕೊಳ್ಳಿ. ಸರಾಸರಿ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಡಿಗ್ರಿ ಸರಿದಿದ್ದರೆ ಕೆಲವು ಮಾಡೆಲ್‌ಗಳ ಸೆಟ್ಟಿಂಗ್‌ನಲ್ಲೇ ತಿದ್ದಬಹುದು. ಅದಕ್ಕಿಂತ ಹೆಚ್ಚಾದರೆ ಸೆನ್ಸರ್ ನೋಡಬೇಕು.

ಮೇಲೆ ಕಪ್ಪು ಒಳಗೆ ಹಸಿ ಅನ್ನುವ ದೂರಿನಲ್ಲಿ ಹೆಚ್ಚಿನ ಸಲ ತಪ್ಪಿತಸ್ಥ ಕೆಳಗಿನ ಎಲಿಮೆಂಟ್. ಅದು ತಳದ ತಗಡಿನ ಅಡಿಯಲ್ಲಿ ಅಡಗಿರುವುದರಿಂದ ಸತ್ತದ್ದು ಕಾಣುವುದಿಲ್ಲ. ಮೇಲಿನದು ಒಂದೇ ದುಡಿಯುತ್ತಿರುತ್ತದೆ. ಪರೀಕ್ಷೆ ಸುಲಭ: ಕೆಳಗಿನ ಶಾಖದ ಮೋಡ್ ಮಾತ್ರ ಹಾಕಿ ಹದಿನೈದು ನಿಮಿಷ ಬಿಡಿ. ಒಳಗೆ ಬರೀ ಬೆಚ್ಚಗಿದ್ದರೆ ಎಲಿಮೆಂಟ್ ಹೋಗಿದೆ.

"ಫ್ಯಾನ್ ಮೋಡ್‌ನಲ್ಲಿ ಕಿರ್‌ರ್ ಅಂತ ಕಿರುಚುತ್ತೆ. ಎಣ್ಣೆ ಬಿಡ್ಲಾ?"

ಅಡುಗೆ ಎಣ್ಣೆಯಂತೂ ಬೇಡವೇ ಬೇಡ, ಸುಟ್ಟು ಅಂಟಾಗುತ್ತದೆ. ಹಿಂದಿನ ಮೋಟಾರಿನ ಬುಷ್ ಸವೆದಿದೆ. ಕೆಲವು ತಿಂಗಳು ಹೀಗೇ ಓಡಬಹುದು, ಆದರೆ ಫ್ಯಾನ್ ನಿಂತ ದಿನ ಅದರ ಸುತ್ತಲಿನ ಉಂಗುರದ ಎಲಿಮೆಂಟು ಗಾಳಿಯಿಲ್ಲದೆ ಕೆಂಡವಾಗಿ ಸೇಫ್ಟಿ ಕಡಿಯುತ್ತದೆ. ಸ್ವಂತ ಬಿಚ್ಚುವ ಉಮೇದಿನವರಿಗೆ ಒಂದು ಮಾತು: ಫ್ಯಾನ್ ರೆಕ್ಕೆಯ ನಟ್ಟಿಗೆ ಬಹುತೇಕ ಉಲ್ಟಾ ತ್ರೆಡ್. ಬಿಚ್ಚುತ್ತೇನೆಂದು ಬಿಗಿ ಮಾಡಿ ಶಾಫ್ಟ್ ಮುರಿದ ಇಂಜಿನಿಯರುಗಳು ನನಗೆ ಮೂರು ಜನ ಗೊತ್ತು.

"ತಳ ಗಲೀಜಾಗಬಾರದು ಅಂತ ಫಾಯಿಲ್ ಹಾಸ್ತೀನಿ, ಪರವಾಗಿಲ್ಲ ತಾನೇ?"

ಪರವಾಗಿದೆ, ಹಾಸಬೇಡಿ. ತಳದಡಿಯ ಶಾಖ ಮೇಲೇಳದೆ ಅಲ್ಲೇ ಕೂಡಿ ಎನಾಮೆಲ್ ಬಿರಿಯುತ್ತದೆ. ಪಿಜ್ಜಾ ಕಲ್ಲನ್ನೂ ನೇರ ತಳದ ಮೇಲೆ ಇಡಬೇಡಿ. ತಟ್ಟೆಯ ಮೇಲಿಡಿ.

## ಬಾಗಿಲು, ಗಾಜು, ಶುಚಿ

"ರಾತ್ರಿ ಮಲಗಿದ್ದಾಗ ಢಂ ಅಂತ ಗಾಜು ಸಿಡೀತು. ಓವನ್ ಆನೇ ಇರಲಿಲ್ಲ!"

ಟಫನ್ ಮಾಡಿದ ಗಾಜಿನ ಒಳಗೆ ಸದಾ ಒತ್ತಡ ತುಂಬಿರುತ್ತದೆ. ಅಂಚಿನಲ್ಲಿ ಟ್ರೇ ತಗುಲಿ ಆದ ಸಣ್ಣ ಚಿಪ್ಪು, ತಂತಿ ಬ್ರಷ್ಷಿನ ಗೀರು ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಕೈಕೊಡುತ್ತದೆ. ತಪ್ಪಿಸಲು ಇರುವ ದಾರಿ ಒಂದೇ, ಗಾಜನ್ನು ಕೆರೆಯಬೇಡಿ. ಒಳಗಿನ ಗಾಜು ಒಡೆದರೆ ಅದೊಂದನ್ನೇ ಬದಲಿಸಬಹುದು, ಇಡೀ ಬಾಗಿಲು ಬೇಕೆಂದವರ ಮಾತು ಕೇಳಬೇಡಿ. ಹಾಕುವಾಗ ಬರಹವಿರುವ ಮಗ್ಗುಲು ಯಾವ ಕಡೆಗೆ ಅನ್ನುವುದು ಮುಖ್ಯ, ಶಾಖ ಹಿಂದಿರುಗಿಸುವ ಲೇಪ ಒಂದೇ ಕಡೆ ಇರುತ್ತದೆ.

ಬಾಗಿಲು ಕಳಚುವಾಗ ಎರಡೂ ಹಿಂಜಿನ ಕೊಂಡಿ ಪೂರ್ತಿ ಎಬ್ಬಿಸಿ. ಕೊಂಡಿ ಹಾಕದೆ ಕಳಚಿದರೆ ಸ್ಪ್ರಿಂಗ್ ಇಲಿಬೋನಿನಂತೆ ಬಡಿಯುತ್ತದೆ. ಬೆರಳು ಅದರ ನಡುವೆ ಇರಬಾರದು.

"ದೀಪಾವಳಿಗೆ ಮುಂಚೆ ಪೈರೊಲಿಟಿಕ್ ಕ್ಲೀನ್ ಮಾಡಿಬಿಡೋಣ ಅಂತಿದೀನಿ."

ಹಬ್ಬದ ಮುಂಚೆ ಬೇಡ, ಹಬ್ಬ ಮುಗಿದ ಮೇಲೆ ಮಾಡಿ. ಈ ಕ್ಲೀನಿಂಗ್‌ನಲ್ಲಿ ಒಳಗೆ 480–500 ಡಿಗ್ರಿ ಏರುತ್ತದೆ, ಜಿಡ್ಡು ಬೂದಿಯಾಗುತ್ತದೆ. ಇಷ್ಟು ಶಾಖದಲ್ಲಿ ಮೊದಲೇ ಸೊರಗಿದ್ದ ಡೋರ್ ಲಾಕ್, ಸೇಫ್ಟಿ, ಬೋರ್ಡು ಯಾವುದೋ ಒಂದು ಕೈಚೆಲ್ಲುತ್ತದೆ. ಕ್ರಿಸ್‌ಮಸ್ ವಾರದಲ್ಲಿ ನನಗೆ ಬರುವ ಕರೆಗಳಲ್ಲಿ "ಕ್ಲೀನಿಂಗ್‌ಗೆ ಇಟ್ಟೆ, ಬಾಗಿಲು ಲಾಕ್ ಆಗಿದೆ, ತೆಗೆಯೋಕೆ ಆಗ್ತಿಲ್ಲ" ಅನ್ನುವುದೇ ಜಾಸ್ತಿ. ತಣ್ಣಗಾಗುವ ತನಕ ಲಾಕ್ ಬಿಡುವುದಿಲ್ಲ, ಎರಡು ಗಂಟೆ ಕಾಯಿರಿ, ಜಗ್ಗಬೇಡಿ.

ಮಾಡುವಾಗ ತಟ್ಟೆ, ಜಾಲರಿ ಹೊರಗಿಡಿ. ತಳದಲ್ಲಿ ನಿಂತ ತುಪ್ಪ, ಎಣ್ಣೆ ಮೊದಲು ಒರೆಸಿ, ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಗಿಳಿ, ಲವ್‌ಬರ್ಡ್ಸ್ ಇದ್ದರೆ ಅವತ್ತು ಅವನ್ನು ಬೇರೆ ಮನೆಗೆ ಕಳಿಸಿ. ಆ ಹೊಗೆ ಹಕ್ಕಿಗಳ ಶ್ವಾಸಕೋಶಕ್ಕೆ ತಡೆಯುವುದಿಲ್ಲ.

"ಸ್ಟೀಮ್ ಓವನ್‌ಗೆ ಆರ್‌ಓ ನೀರು ಹಾಕಿದ್ರೆ ಒಳ್ಳೇದಲ್ವಾ? ನಮ್ದು ಬೋರ್‌ವೆಲ್."

ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು, ಬಾಯ್ಲರಿನಲ್ಲಿ ಸುಣ್ಣದಂತೆ ಕಟ್ಟುತ್ತದೆ. ಕಾವೇರಿ ನೀರು ಬರುವ ಬಡಾವಣೆಗಳಲ್ಲಿ ಈ ಕಾಟ ಕಮ್ಮಿ. ಹಾಗಂತ ಪೂರ್ತಿ ಸಾರ ತೆಗೆದ ನೀರೂ ಕಷ್ಟವೇ. ಎಷ್ಟೋ ಸ್ಟೀಮ್ ಓವನ್‌ಗಳು ನೀರಿನ ಮಟ್ಟವನ್ನು ಅದರೊಳಗೆ ಹರಿಯುವ ಸಣ್ಣ ಕರೆಂಟಿನಿಂದ ಅಳೆಯುತ್ತವೆ. ನೀರಿನಲ್ಲಿ ಲವಣವೇ ಇಲ್ಲದಿದ್ದರೆ ತೊಟ್ಟಿ ತುಂಬಿದ್ದರೂ "ನೀರು ಹಾಕಿ" ಅನ್ನುತ್ತದೆ. ಡಿಸ್ಟಿಲ್ಡ್ ನೀರು ಬೇಡವೆಂದು ಅನೇಕ ಕೈಪಿಡಿಗಳು ಬರೆದಿರುವುದು ಇದಕ್ಕೇ. ಮನೆಯ ಆರ್‌ಓ ನೀರಿನಲ್ಲಿ ಸ್ವಲ್ಪ ಲವಣ ಉಳಿದಿರುತ್ತದೆ, ಎಷ್ಟೋ ಕಡೆ ನಡೆಯುತ್ತದೆ. ತಕರಾರು ಮಾಡಿದರೆ ಆರ್‌ಓ ಅಲ್ಲದ ಸಾದಾ ಫಿಲ್ಟರ್ ನೀರು ಸ್ವಲ್ಪ ಬೆರೆಸಿ. ಸುಣ್ಣ ತೆಗೆಯಲು ಕಂಪನಿಯ ದ್ರಾವಣ ಬಳಸಿ. ವಿನೆಗರ್ ಬೇಡ.

## ದುಡ್ಡು ಮತ್ತು ನಂಬಿಕೆ

"ಏಳು ವರ್ಷ ಆಯ್ತು. ರಿಪೇರಿನಾ, ಹೊಸದಾ? ನಿಜ ಹೇಳಿ."

ಎಲಿಮೆಂಟ್, ಸೆನ್ಸರ್, ಗ್ಯಾಸ್ಕೆಟ್, ಹಿಂಜ್, ಫ್ಯಾನ್ ಮೋಟಾರ್ ಆಗಿದ್ದರೆ ಕಣ್ಣುಮುಚ್ಚಿ ರಿಪೇರಿ ಮಾಡಿಸಿ. ಚೆನ್ನಾಗಿ ಕಟ್ಟಿದ ಓವನ್ ಇನ್ನೂ ಆರೇಳು ವರ್ಷ ಬಾಳುತ್ತದೆ. ಆಮದು ಬೋರ್ಡು ಹತ್ತಾರು ಸಾವಿರ ದಾಟಿ, ಜೊತೆಗೆ ಒಳಗಿನ ಎನಾಮೆಲ್ಲೂ ಎದ್ದಿದ್ದರೆ ಯೋಚಿಸಿ. ಹೊಸದು ತರುವ ಮುನ್ನ ಗೂಡು ಅಳೆಯಿರಿ. 60 ಸೆಂಟಿಮೀಟರ್ ಅಗಲದ ಓವನ್ ಅಂದರೂ ಎತ್ತರದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದು ಇಡೀ ಕಪಾಟು ಒಡೆಸಿದವರಿದ್ದಾರೆ.

ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ಭಾಗದ ನಂಬರ್ ಬರೆಸಿ. ದುರಸ್ತಿ ಸೇವೆಗೆ 18 ಶೇಕಡಾ ಜಿಎಸ್‌ಟಿ ಹಾಕುವವರು ಅದರ ನೋಂದಣಿ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಕೊಡಬೇಕು. ಕಂಪನಿಯೊಡನೆ ಜಗಳ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

"ಫೋನಿನಲ್ಲಿ ಹುಡುಕಿ ಕಸ್ಟಮರ್ ಕೇರ್‌ಗೆ ಕರೆ ಮಾಡ್ದೆ. ಹತ್ತು ರೂಪಾಯಿ ನೋಂದಣಿಗೆ ಲಿಂಕ್ ಕಳ್ಸಿದ್ರು."

ಒತ್ತಬೇಡಿ. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಜವಾದ ನಂಬರ್ ಕೈಪಿಡಿಯ ಕೊನೆಯ ಪುಟದಲ್ಲಿ, ವಾರಂಟಿ ಕಾರ್ಡಿನಲ್ಲಿ ಇರುತ್ತದೆ.

## ಮೀಟರ್ ಹಿಡಿಯುವವರಿಗೆ

"ಮಲ್ಟಿಮೀಟರ್ ಇದೆ. ಎಲಿಮೆಂಟ್, ಸೆನ್ಸರ್ ಎಷ್ಟು ತೋರಿಸಬೇಕು?"

ಕರೆಂಟು ಪೂರ್ತಿ ಕಡಿದು, ಎಲಿಮೆಂಟಿನ ವೈರು ಬಿಚ್ಚಿದ ಮೇಲೆ ಅಳೆಯಿರಿ. 230ನ್ನು 230ರಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿ: 2000 ವ್ಯಾಟಿನದು ಸುಮಾರು 26 ಓಮ್, 1000 ವ್ಯಾಟಿನದು 53. ಅನಂತ ತೋರಿಸಿದರೆ ತಂತಿ ಕಡಿದಿದೆ. ಆದರೆ ಓಮ್ ಸರಿ ಬಂದ ಮಾತ್ರಕ್ಕೆ ಎಲಿಮೆಂಟ್ ಸರಿ ಅಂತಲ್ಲ. ಕೊಳವೆಗೂ ತಂತಿಗೂ ನಡುವಿನ ಸೋರಿಕೆಯನ್ನು ಮಲ್ಟಿಮೀಟರಿನ ಒಂಬತ್ತು ವೋಲ್ಟ್ ಬ್ಯಾಟರಿ ಹಿಡಿಯುವುದಿಲ್ಲ, ಅದಕ್ಕೆ 500 ವೋಲ್ಟ್ ಹಾಕಿ ಸೋರಿಕೆ ಅಳೆಯುವ ಮೆಗ್ಗರ್ ಬೇಕು. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ನಾನು ಆ ಎಲಿಮೆಂಟನ್ನು ನಂಬುವುದಿಲ್ಲ.

ಸೆನ್ಸರ್ ಪಿಟಿ 1000 ಜಾತಿಯದಾದರೆ 25 ಡಿಗ್ರಿಯಲ್ಲಿ 1097 ಓಮ್, 200 ಡಿಗ್ರಿಯಲ್ಲಿ 1759 ಓಮ್ ಹತ್ತಿರ ಬರಬೇಕು. ಪಿಟಿ 500 ಆದರೆ ಅದರ ಅರ್ಧ.

"ಓವನ್ ಆಫ್ ಇದ್ದಾಗ್ಲೂ ಆರ್‌ಸಿಸಿಬಿ ಬೀಳುತ್ತೆ. ಗೀಸರ್ ಹಾಕಿದ್ರೆ ಗ್ಯಾರಂಟಿ ಬೀಳುತ್ತೆ. ಹೇಗೆ ಸಾಧ್ಯ?"

ಒಳ್ಳೆಯ ಪ್ರಶ್ನೆ. ಎಷ್ಟೋ ಓವನ್‌ಗಳ ರಿಲೇ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಎಲಿಮೆಂಟಿಗೆ ಸದಾ ತಗುಲಿಯೇ ಇರುತ್ತದೆ. ಎಲಿಮೆಂಟ್ ಅರ್ತಿಗೆ ಸೋರುತ್ತಿದ್ದರೆ ನ್ಯೂಟ್ರಲ್ಲೂ ಅರ್ತೂ ಅಲ್ಲಿ ಕೂಡಿದಂತಾಯಿತು. ಗೀಸರ್ ಎಳೆಯುವ ಕರೆಂಟಿನ ಒಂದು ಪಾಲು ನ್ಯೂಟ್ರಲ್ ಬಿಟ್ಟು ಈ ಕಳ್ಳದಾರಿಯಲ್ಲಿ ಹಿಂದಿರುಗುತ್ತದೆ, ಆರ್‌ಸಿಸಿಬಿ ಲೆಕ್ಕ ತಪ್ಪಿತೆಂದು ಬೀಳುತ್ತದೆ. ಎಷ್ಟೋ ಜನ ಒಳ್ಳೆಯ ಗೀಸರನ್ನೇ ಬದಲಿಸಿರುತ್ತಾರೆ. ಓವನ್ನಿನ ಎಂಸಿಬಿ ಸಿಂಗಲ್ ಪೋಲ್ ಆಗಿದ್ದರೆ ಅದನ್ನು ಇಳಿಸಿದರೂ ನ್ಯೂಟ್ರಲ್ ಉಳಿಯುತ್ತದೆ. ಪ್ಲಗ್ಗನ್ನೇ ಕಿತ್ತು ನೋಡಿ, ಇಲ್ಲವೇ ಡಬಲ್ ಪೋಲ್ ಸ್ವಿಚ್ ಹಾಕಿಸಿ.

"ಬೋರ್ಡ್ ಹೋಗಿದೆ ಅಂತಾರೆ. ನೋಡಿದ ಎರಡೇ ನಿಮಿಷಕ್ಕೆ ಹೇಗೆ ಗೊತ್ತಾಯ್ತು?"

ಗೊತ್ತಾಗಿರುವುದಿಲ್ಲ. ಬೋರ್ಡಿನಿಂದ ಎಲಿಮೆಂಟಿಗೆ 230 ವೋಲ್ಟ್ ಹೊರಡುತ್ತಿದೆಯೇ ಅಂತ ಅಳೆದು ತೋರಿಸಲು ಹೇಳಿ. ಹೊರಡುತ್ತಿದ್ದರೆ ಬೋರ್ಡು ಸರಿ, ತಪ್ಪು ಮುಂದಿದೆ. ಹೊರಡದಿದ್ದರೂ ಸೇಫ್ಟಿ, ಡೋರ್ ಸ್ವಿಚ್, ಸೆನ್ಸರ್ ನೋಡಿದ ಮೇಲೆಯೇ ಬೋರ್ಡಿನ ಹೆಸರು ಎತ್ತಬೇಕು. ಬೋರ್ಡೇ ಆದರೂ ಉಬ್ಬಿದ ಕೆಪಾಸಿಟರ್, ಸಿಡಿದ ವೇರಿಸ್ಟರ್, ಬೆಸುಗೆ ಬಿಟ್ಟ ರಿಲೇ ಇವನ್ನು ಎಸ್‌ಪಿ ರೋಡಿನಲ್ಲಿ ಸಿಗುವ ಬಿಡಿಭಾಗದಿಂದ ಸರಿಮಾಡಬಹುದು. ಟಚ್ ಪ್ಯಾನೆಲ್ ಅಥವಾ ಮುಖ್ಯ ಚಿಪ್ ಹೋಗಿದ್ದರೆ ಹೊಸದೇ ಗತಿ. ಅದು ಹೊರದೇಶದಿಂದ ಬರಲು ವಾರಗಟ್ಟಲೆ ಹಿಡಿಯುತ್ತದೆ.

"ಅಮೆರಿಕದಿಂದ ವಾಪಸ್ ಬರುವಾಗ ನಮ್ಮ 30 ಇಂಚಿನ ಓವನ್ ಕಂಟೇನರ್‌ನಲ್ಲಿ ತಂದ್ವಿ. 240 ವೋಲ್ಟ್ ಅಂತಲೇ ಬರೆದಿದೆ. ನೇರ ಹಾಕಬಹುದಲ್ಲ?"

ಅಲ್ಲಿನ 240 ಬೇರೆ, ಇಲ್ಲಿನ 230 ಬೇರೆ. ಅಮೆರಿಕದಲ್ಲಿ ನ್ಯೂಟ್ರಲ್ಲಿನ ಎರಡು ಬದಿಗೆ 120, 120 ಇಟ್ಟು, ಎರಡು ಫೇಸಿನ ನಡುವೆ 240 ಪಡೆಯುತ್ತಾರೆ. ಎಲಿಮೆಂಟ್ 240ರಲ್ಲಿ, ಲೈಟು, ಫ್ಯಾನು, ಬೋರ್ಡಿನಂಥವು ಎಷ್ಟೋ ಮಾಡೆಲ್‌ಗಳಲ್ಲಿ 120ರಲ್ಲಿ. ನಮ್ಮ ನ್ಯೂಟ್ರಲ್ಲನ್ನು ಅದರ ನ್ಯೂಟ್ರಲ್‌ಗೆ ಕಟ್ಟಿದರೆ 120ರದಕ್ಕೆ 230 ನುಗ್ಗಿ ಮೊದಲ ನಿಮಿಷದಲ್ಲೇ ಹೊಗೆ. ನಡುವಿನಲ್ಲಿ ಟ್ಯಾಪ್ ಇರುವ, 120–0–120 ಕೊಡುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. 30 ಆಂಪ್ ಕೇಳುವ ಓವನ್ನಿಗೆ ಅದು ಏಳೆಂಟು ಕೆವಿಎ, ಇಬ್ಬರು ಹೊರಬೇಕಾದ ಕಬ್ಬಿಣ. ಫ್ರೀಕ್ವೆನ್ಸಿ ಆಮೇಲೂ ಬದಲಾಗುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಕರೆಂಟಿನ ಅಲೆ ಎಣಿಸಿ ನಡೆಯುವ ಟೈಮರ್ ಆದರೆ ಒಂದು ಗಂಟೆ ಇಟ್ಟ ಕೇಕ್ 72 ನಿಮಿಷ ಬೇಯುತ್ತದೆ. ಹೊರಡುವ ಮುಂಚೆ ಕೇಳಿದವರಿಗೆಲ್ಲ ನಾನು ಅಲ್ಲೇ ಮಾರಿ ಬನ್ನಿ ಅಂದಿದ್ದೇನೆ. ಯಾರೂ ಹೊರಡುವ ಮುಂಚೆ ಕೇಳುವುದಿಲ್ಲ.

"ನಮ್ದು ಮೈಕ್ರೋವೇವ್ ಸೇರಿರೋ ಓವನ್. ಅದನ್ನೂ ಮನೇಲೇ ಬಿಚ್ಚಿ ನೋಡಬಹುದಾ?"

ಇಲ್ಲ. ಒಳಗೆ ಸುಮಾರು 4000 ವೋಲ್ಟ್, ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್. ಬಾಗಿಲು ಸರಿಯಾಗಿ ಕೂರದಿದ್ದರೆ ಬಳಸಲೇಬೇಡಿ. ರಿಪೇರಿ ಆದ ಮೇಲೆ ಲೀಕೇಜ್ ಮೀಟರ್‌ನಲ್ಲಿ ಬಾಗಿಲಿನ ಸುತ್ತ ಅಳೆದು ತೋರಿಸಲು ಹೇಳಿ. 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು. ಆ ಮೀಟರ್ ಇಲ್ಲದವರ ಕೈಗೆ ಈ ಓವನ್ ಕೊಡಬೇಡಿ.

"ನನ್ನ ಮಗ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದಾನೆ. ನಿಮ್ಮ ಜೊತೆ ಕಲೀಬಹುದಾ ಸರ್?"

ಬರಲಿ. ಮೊದಲ ಆರು ತಿಂಗಳು ಓವನ್ ಮುಟ್ಟಿಸುವುದಿಲ್ಲ, ಸಾಕೆಟ್ಟಿನಲ್ಲಿ ಅರ್ತ್ ಇದೆಯೇ, ಫೇಸ್ ನ್ಯೂಟ್ರಲ್ ಅದಲು ಬದಲಾಗಿದೆಯೇ, ಗೂಡಿನ ಬೆನ್ನಿನಲ್ಲಿ ಗಾಳಿ ಇದೆಯೇ ಇಷ್ಟನ್ನೇ ನೋಡಿಸುತ್ತೇನೆ. ಮೆಗ್ಗರ್, ಕ್ಲ್ಯಾಂಪ್ ಮೀಟರ್, ಥರ್ಮೋಕಪಲ್ ಮೀಟರ್ ನನ್ನಲ್ಲಿವೆ. ಟಾರ್ಕ್ಸ್ ಸ್ಕ್ರೂಡ್ರೈವರ್ ಸೆಟ್ಟು, ಗ್ಲಾಸ್‌ವೂಲ್ ಮುಟ್ಟಲು ಗ್ಲೌಸು, ಮಾಸ್ಕು ಅವನೇ ತರಲಿ. ಶೂ ಬಿಚ್ಚಿ ಒಳಗೆ ಹೋಗಬೇಕಾಗುತ್ತದೆ, ತೂತಿಲ್ಲದ ಸಾಕ್ಸೂ ಇರಲಿ.